ಮಳೆಗಾಲದ ರಾಣಿ ಝರಿ: ‘ಇವತ್ತು ಬೇಡ’ ಎನ್ನುವವನ ಕೂಲಿ ಉಳಿಯಲಿ

ಮಾನ್ಯ ಸಂಪಾದಕರೇ,

ಆರಿದ್ರಾ ಮಳೆ ಹಿಡಿದ ಮೇಲೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಪಶ್ಚಿಮ ಘಟ್ಟದ ಬಗ್ಗೆ ಎರಡು ಬಗೆಯ ಬರಹಗಳು ಅಕ್ಕಪಕ್ಕದಲ್ಲೇ ಕಾಣಿಸತೊಡಗುತ್ತವೆ. ಒಂದರಲ್ಲಿ ಮಂಜು ಹೊದ್ದ ಬೆಟ್ಟದ ಬಣ್ಣದ ಚಿತ್ರವೂ ಅಲ್ಲಿಗೆ ಹೋಗುವ ದಾರಿಯ ವಿವರವೂ ಇರುತ್ತವೆ. ಇನ್ನೊಂದರಲ್ಲಿ ಅಂಥದ್ದೇ ಬೆಟ್ಟಕ್ಕೆ ಪ್ರವಾಸಿಗರ ಪ್ರವೇಶವನ್ನು ನಿರ್ಬಂಧಿಸಿದ ಆದೇಶದ ಸುದ್ದಿ ಇರುತ್ತದೆ. ಮೂಡಿಗೆರೆ ತಾಲ್ಲೂಕಿನ ಬಾಳೂರು ಹೋಬಳಿಯಲ್ಲಿ ಹುಟ್ಟಿ, ಇದೇ ಸೀಮೆಯ ಪ್ರೌಢಶಾಲೆಗಳಲ್ಲಿ 31 ವರ್ಷ ಭೂಗೋಳ ಕಲಿಸಿ ನಿವೃತ್ತನಾದ ನಾನು ಇವೆರಡನ್ನೂ ತಪ್ಪದೆ ಓದುತ್ತ ಬಂದವನು. ಎರಡರಲ್ಲೂ ಬಿಟ್ಟುಹೋಗುವ ಒಂದು ಸಂಗತಿಯನ್ನು, ಅಂದರೆ ಬೆಟ್ಟದ ಬುಡದಲ್ಲಿ ನಿಂತು ‘ಇವತ್ತು ಬೇಡ’ ಎಂದು ಹೇಳಬೇಕಾದ ಮನುಷ್ಯನ ಪಾಡನ್ನು, ಕಳೆದ ಜುಲೈಯಲ್ಲಿ ಕಣ್ಣಾರೆ ಕಂಡೆನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ರಾಣಿ ಝರಿಯನ್ನು ನೋಡದವರಿಗಾಗಿ ನಾಲ್ಕು ಮಾತು. ಕೊಟ್ಟಿಗೆಹಾರದಿಂದ ಕಳಸದ ರಸ್ತೆ ಹಿಡಿದು ಸುಂಕಸಾಲೆಯ ಕಡೆಯಿಂದ ದುರ್ಗದಹಳ್ಳಿಗೆ ಬಂದರೆ ಕಾಲಭೈರವೇಶ್ವರನ ಗುಡಿ ಸಿಗುತ್ತದೆ. ಅಲ್ಲಿಂದ ಮೇಲಕ್ಕೆ ಹೊರಟ ಹುಲ್ಲುಗಾವಲು, ಕಣಿವೆಗಳಲ್ಲಿ ಅಡಗಿದ ಶೋಲಾ ಕಾಡು, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿರುವ, ಹೊಯ್ಸಳರ ಕಾಲದ್ದೆನ್ನುವ ಬಲ್ಲಾಳರಾಯನ ದುರ್ಗದ ಪಾಳುಗೋಡೆ, ಇವೆಲ್ಲ ಒಂದೇ ಬೆಟ್ಟಸಾಲಿನ ಭಾಗಗಳು. ಆ ಸಾಲಿನ ಪಶ್ಚಿಮದ ಅಂಚೇ ರಾಣಿ ಝರಿ. ಶತ್ರುಗಳ ಕೈಗೆ ಸಿಗಬಾರದೆಂದು ರಾಣಿಯೊಬ್ಬಳು ಇಲ್ಲಿಂದ ಧುಮುಕಿದಳೆಂದು ನಮ್ಮ ಕಡೆ ಹೇಳುತ್ತಾರೆ. ಹುಲ್ಲಿನ ಇಳಿಜಾರು ಇದ್ದಕ್ಕಿದ್ದಂತೆ ಮುಗಿದು, ಅದರಾಚೆ ಬೆಳ್ತಂಗಡಿ ತಾಲ್ಲೂಕಿನ ಕಾಡು ಬಹಳ ಕೆಳಗೆ ಹರಡಿಕೊಂಡಿರುತ್ತದೆ. ಹತ್ತಿರದಲ್ಲೇ ಬಂಡಾಜೆ ಅರ್ಬಿ ಘಟ್ಟದಿಂದ ದಕ್ಷಿಣ ಕನ್ನಡದ ಕಡೆಗೆ ಧುಮುಕುತ್ತದೆ. ತುಳುವಿನಲ್ಲಿ ಅರ್ಬಿ ಎಂದರೆ ಜಲಪಾತ ಎಂದೇ ಅರ್ಥ. ಜೀಪು ಇಳಿದು ಹೆಚ್ಚು ನಡೆಯದೆಯೇ ಇಂಥ ನೋಟ ಸಿಗುವುದು ಅಪರೂಪ. ನನ್ನ ಮಟ್ಟಿಗೆ ಅಪಾಯದ ಮೊದಲ ಕಾರಣವೂ ಅದೇ ಆಗಿದೆ. ಕುಮಾರಪರ್ವತದಂಥ ಬೆಟ್ಟ ಹತ್ತುವವನ ಕಾಲು, ಉಸಿರು, ಧೈರ್ಯಗಳನ್ನು ದಾರಿಯೇ ಅರ್ಧಕ್ಕೆ ಪರೀಕ್ಷಿಸಿ ಹಿಂದಕ್ಕೆ ಕಳುಹಿಸುತ್ತದೆ. ಇಲ್ಲಿ ಯಾವ ಪರೀಕ್ಷೆಯೂ ಇಲ್ಲದೆ, ನಿದ್ದೆಗಣ್ಣಿನಲ್ಲಿ ಬಸ್ಸಿಳಿದವರು ಒಂದೆರಡು ತಾಸಿನೊಳಗೆ ಪ್ರಪಾತದ ತುದಿಯಲ್ಲಿ ನಿಂತಿರುತ್ತಾರೆ.

ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗ, ಕಳೆದ ಜುಲೈ ಎರಡನೆಯ ವಾರ, ಪುನರ್ವಸು ಮಳೆ ಜಡಿಯುತ್ತಿದ್ದ ದಿನಗಳಲ್ಲಿ, ಹನ್ನೊಂದು ಮಂದಿ ಸಹೋದ್ಯೋಗಿಗಳೊಂದಿಗೆ ಬಂದಿದ್ದ. ಚಾರಣ ಏರ್ಪಡಿಸುವ ಸಂಸ್ಥೆಯೊಂದಕ್ಕೆ ತಲಾ ಇಷ್ಟೆಂದು ಮುಂಗಡ ಹಣ ಕಟ್ಟಿ, ಶುಕ್ರವಾರ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು, ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಎರಡು ಜೀಪುಗಳಲ್ಲಿ ದುರ್ಗದಹಳ್ಳಿಗೆ ಬಂದರು. ‘ಮಾವ, ನೀವೂ ಬನ್ನಿ’ ಎಂದು ಅವನು ಕರೆದದ್ದಕ್ಕೆ ನಾನೂ ಕೊಡೆ, ಕಂಬಳಿಕೊಪ್ಪೆ ಹಿಡಿದು ಜೊತೆಯಾದೆ. ದಾರಿ ತೋರಿಸಲು ಸಂಸ್ಥೆಯವರು ಗೊತ್ತುಮಾಡಿದ್ದ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಗುಡಿಯ ಬಳಿ ಜೀಪು ನಿಂತಾಗ ಅವನು ಗಾಳಿಯತ್ತ ಮುಖಮಾಡಿ ಸ್ವಲ್ಪ ಹೊತ್ತು ನಿಂತು, ನನ್ನ ಬಳಿ ಬಂದು ಮೆಲ್ಲನೆ ಹೇಳಿದ: ‘ಮೇಷ್ಟ್ರೇ, ಇವತ್ತು ಅಂಚಿಗೆ ಬೇಡ. ನೀವೇ ಒಂದು ಮಾತು ಹೇಳಿ ನೋಡಿ.’

ನಾನು ಹೇಳಿದೆ. ತಂಡದೊಂದಿಗೆ ಬಂದಿದ್ದ ಮುಂದಾಳು ಸಭ್ಯನಾಗಿಯೇ ಉತ್ತರ ಕೊಟ್ಟ. ಕಟ್ಟಿದ ಹಣ ಹಿಂದಕ್ಕೆ ಕೊಡುವ ಪದ್ಧತಿ ಸಂಸ್ಥೆಯಲ್ಲಿಲ್ಲ. ಜಾಹೀರಾತಿನಲ್ಲಿ ತೋರಿಸಿದ ಜಾಗವನ್ನು ತೋರಿಸದೆ ಹಿಂದಿರುಗಿದರೆ ಬಂದವರು ದೂರು ಬರೆಯುತ್ತಾರೆ. ಆ ದೂರಿನ ಹೊಣೆ ತನ್ನ ತಲೆಗೆ ಬರುತ್ತದೆ ಎಂದ. ಸೋದರಳಿಯನ ವಾದ ಇನ್ನೂ ಸರಳವಾಗಿತ್ತು. ಇಷ್ಟು ದೂರ ಬಂದಾಗಿದೆ, ಹೋಗಿ ನೋಡಿಯೇ ಬಿಡೋಣ ಎಂದ. ಹನ್ನೆರಡು ಮಂದಿಯ ಹುಮ್ಮಸ್ಸಿನೆದುರು ಮಾರ್ಗದರ್ಶಿ ಸುಮ್ಮನಾದ, ನಾನೂ ಸುಮ್ಮನಾಗಿ ಅವರ ಹಿಂದೆ ಹೊರಟೆ. ಇದನ್ನು ಮುಚ್ಚಿಡುವುದಿಲ್ಲ, ಬೇಡವೆಂದು ಗೊತ್ತಿದ್ದೂ ಹೋದವರ ಪಟ್ಟಿಯಲ್ಲಿ ನನ್ನದೂ ಒಂದು ಹೆಸರಿದೆ.

ಅಂಚಿನ ಬಳಿ ಮಳೆಗಾಲದ ಗಾಳಿ ಹೇಗೆ ವರ್ತಿಸುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸುತ್ತದೆ, ಏಕೆಂದರೆ ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಭಯಪಡುವುದು ಒಂದಕ್ಕೆ, ಅವರನ್ನು ಕೆಡವುವುದು ಇನ್ನೊಂದು. ಅರಬ್ಬಿ ಸಮುದ್ರದ ಮೇಲಿಂದ ಬೀಸುವ ನೈರುತ್ಯ ಮಾರುತ ಕರಾವಳಿಯ ತಗ್ಗನ್ನು ದಾಟಿ ನೇರವಾಗಿ ಈ ಗೋಡೆಗೆ ಬಂದು ಬಡಿಯುತ್ತದೆ. ಮುಂದೆ ದಾರಿಯಿಲ್ಲದೆ ಮೇಲಕ್ಕೇರುತ್ತದೆ, ಏರುತ್ತ ತಣಿಯುತ್ತದೆ, ತಣಿದ ಹಾಗೆಲ್ಲ ಅದರೊಳಗಿನ ಆವಿ ಹನಿಗಟ್ಟಿ ಮೋಡವಾಗುತ್ತದೆ. ಆ ಮೋಡದೊಳಗೆ ನಿಂತವನು ಅದನ್ನು ಮಂಜು ಎನ್ನುತ್ತಾನೆ. ಈ ಪಾಠಕ್ಕೆ ಕಪ್ಪುಹಲಗೆಯ ಮೇಲೆ ಒಂದು ಬೆಟ್ಟ, ಮೂರು ಬಾಣಗಳನ್ನು 31 ವರ್ಷ ಬರೆದಿದ್ದೇನೆ. ಆ ಬಾಣದ ತುದಿಯಲ್ಲಿ ಮನುಷ್ಯ ನಿಂತರೆ ಏನಾಗುತ್ತದೆಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ನಾನಾಗಿ ಯೋಚಿಸಿಯೂ ಇರಲಿಲ್ಲ. ಕೆಳಗಿನಿಂದ ನುಗ್ಗಿಬರುವ ಗಾಳಿ ಅಂಚಿನಲ್ಲಿ ಬಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಅಲ್ಲಿ ಮಳೆ ಕೆಳಗಿನಿಂದ ಮೇಲಕ್ಕೆ ಹೊಡೆಯುತ್ತದೆ. ಸಣ್ಣ ಝರಿಯ ನೀರು ಬೀಳಲಾರದೆ ಹಿಂದಕ್ಕೆ ಹಾರಿ ಮುಖಕ್ಕೆ ರಾಚುತ್ತದೆ. ಗಾಳಿ ಎದುರಿನಿಂದ ಬರುವುದರಿಂದ, ತಳ್ಳಿದರೂ ಹಿಂದಕ್ಕೇ ತಳ್ಳುತ್ತದೆ ಎಂದು ಹುಡುಗರು ಧೈರ್ಯ ತಂದುಕೊಳ್ಳುತ್ತಾರೆ. ಆದರೆ ಎದುರುಗಾಳಿಯಲ್ಲಿ ನಿಲ್ಲಬೇಕಾದರೆ ದೇಹ ತಾನಾಗಿಯೇ ಮುಂದಕ್ಕೆ ವಾಲುತ್ತದೆ. ಗಾಳಿ ಒಂದೇ ಬಿಗಿಯಲ್ಲಿ ಬೀಸುವುದಿಲ್ಲ. ಬೀಸಿ, ನಿಂತು, ಮತ್ತೆ ಬೀಸುತ್ತದೆ. ಹಾಗೆ ಅದು ತಟ್ಟನೆ ನಿಂತ ಕ್ಷಣದಲ್ಲಿ ವಾಲಿದ ದೇಹಕ್ಕೆ ಮುಂದೆ ಆಧಾರವಿರುವುದಿಲ್ಲ. ಕೊಡೆ ಬಿಚ್ಚಿದ್ದರೆ, ಪ್ಲಾಸ್ಟಿಕ್ಕಿನ ಅಗಲವಾದ ಮಳೆಯಂಗಿ ತೊಟ್ಟಿದ್ದರೆ ಈ ಜಗ್ಗಾಟ ಇಮ್ಮಡಿಯಾಗುತ್ತದೆ. ನನ್ನ ಕೊಡೆಯನ್ನು ಆ ಹುಡುಗ ದಾರಿಯಲ್ಲೇ ಕಿತ್ತುಕೊಂಡು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಮೇಷ್ಟ್ರಿಗೆ ಶಿಷ್ಯ ಕಲಿಸಿದ ಪಾಠವೆಂದು ಅದನ್ನು ನೆನಪಿಟ್ಟಿದ್ದೇನೆ.

ಮಂಜು ಮಾಡುವ ಮೋಸ ಬೇರೆಯದು. ಕತ್ತಲಲ್ಲಿ ಮನುಷ್ಯ ಕಾಲು ಎಣಿಸಿ ಇಡುತ್ತಾನೆ. ಬಿಳಿಮಂಜಿನಲ್ಲಿ ಪಾದದ ಸುತ್ತಿನ ನಾಲ್ಕು ಮಾರು ಹುಲ್ಲು ಸ್ಪಷ್ಟವಾಗಿ ಕಾಣುವುದರಿಂದ, ಐದನೆಯ ಮಾರೂ ಹಾಗೆಯೇ ಇದ್ದೀತೆಂದು ಕಣ್ಣು ನಂಬಿಬಿಡುತ್ತದೆ. ನಾವು ಅಂಚಿನ ಹತ್ತಿರ ಬಂದಿದ್ದೇವೆಂದು ಗೊತ್ತಾದದ್ದು ನೋಟದಿಂದಲ್ಲ, ಗಾಳಿಯ ಸದ್ದು ಬದಲಾದದ್ದರಿಂದ. ಮಾರ್ಗದರ್ಶಿ ‘ಎಲ್ಲರೂ ಕುಳಿತುಕೊಳ್ಳಿ’ ಎಂದು ಕೂಗಿದ. ಹನ್ನೊಂದು ಮಂದಿ ಕುಳಿತರು. ತಂಡದ ಒಬ್ಬ ಹೆಣ್ಣುಮಗಳು ಫೋಟೊಕ್ಕಾಗಿ ಇನ್ನೂ ಮುಂದೆ ನಿಂತಿದ್ದಳು, ಗಾಳಿಯ ಅಬ್ಬರದಲ್ಲಿ ಅವಳಿಗೆ ಕೂಗು ಕೇಳಿಸಿರಲಿಲ್ಲ. ಅಷ್ಟರಲ್ಲಿ ಮಂಜು ಹರಿದು, ಹತ್ತು ಎಣಿಸುವಷ್ಟು ಹೊತ್ತು ಕೆಳಗಿನ ಕಾಡು ಕಾಣಿಸಿತು. ಅವಳ ಮತ್ತು ಆ ಕಾಡಿನ ನಡುವೆ ಒಂದು ಮಾರು ಹುಲ್ಲು ಮಾತ್ರ ಇತ್ತು. ಅವಳೂ ಅದನ್ನು ನೋಡಿದಳು; ನೋಡಿದ ಕೂಡಲೇ ಕಾಲುಗಳು ಕೀಲು ಕಳಚಿದಂತೆ ಕುಸಿದು ಕುಳಿತಳು. ಹುಡುಗ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಅವಳ ಚೀಲದ ಪಟ್ಟಿ ಹಿಡಿದು ಹಿಂದಕ್ಕೆ ಎಳೆದುಕೊಂಡ. ಯಾರಿಗೂ ಏನೂ ಆಗಲಿಲ್ಲ. ಹಾಗಾಗಿ ಇದು ಯಾವ ಪತ್ರಿಕೆಯಲ್ಲೂ ಸುದ್ದಿಯಾಗಲಿಲ್ಲ.

ಕಾರ್ತಿಕದಲ್ಲಿ ಆಕಾಶ ತೊಳೆದಿಟ್ಟಂತಿದ್ದ ಒಂದು ದಿನ ಅದೇ ಜಾಗಕ್ಕೆ ಹೋಗಿ ಬಂದೆ. ಪಕ್ಕಕ್ಕೆ ಸರಿದು ನೋಡಿದಾಗ, ಆಕೆ ನಿಂತಿದ್ದ ಹುಲ್ಲಿನ ಹೆಪ್ಪು ಮನೆಯ ಸೂರಿನಂತೆ ಹೊರಕ್ಕೆ ಚಾಚಿಕೊಂಡಿತ್ತು, ಅದರಡಿಯ ಮಣ್ಣು ತೊಳೆದುಹೋಗಿತ್ತು. ಬಂಡೆಯ ಮೇಲಿನ ತೆಳುಮಣ್ಣನ್ನು ಹುಲ್ಲಿನ ಬೇರು ಹಿಡಿದಿಡುತ್ತದೆ ನಿಜ. ಆದರೆ ವಾರಗಟ್ಟಲೆ ನೀರು ಕುಡಿದ ಮಣ್ಣು ಭಾರವಾಗುತ್ತದೆ, ಬೇರಿನ ಹಿಡಿತ ಸಡಿಲವಾಗುತ್ತದೆ. ಬೇಸಿಗೆಯಲ್ಲಿ ದನ ಮೇಯಿಸುವವರು ನಿಲ್ಲುವ ಅಂಚಿನಲ್ಲಿ ಆಷಾಢದಲ್ಲಿ ಅವರೇ ನಿಲ್ಲುವುದಿಲ್ಲ. ಮೇಲಿನಿಂದ ನೋಡಿದರೆ ಮಾತ್ರ ಎರಡು ಕಾಲದಲ್ಲೂ ಅದೇ ಹಸಿರು.

ಹಿಂದಿರುಗುವಾಗಿನ ಕತೆಯನ್ನು ಚುಟುಕಾಗಿ ಹೇಳುತ್ತೇನೆ. ಹೋಗುವಾಗ ಪಾದ ಮುಳುಗುವಷ್ಟಿದ್ದ ಹಳ್ಳ ಮೊಣಕಾಲು ಮೀರಿ ಕೆಂಪಗೆ ಹರಿಯುತ್ತಿತ್ತು. ಕೈಕೈ ಹಿಡಿದು ದಾಟೋಣವೆಂದವರನ್ನು ತಡೆದು, ಒಂದೂವರೆ ತಾಸು ಅಲ್ಲೇ ಮರದಡಿ ಕಾದೆವು. ಗುಡ್ಡದ ಹಳ್ಳ ಏರುವಷ್ಟೇ ಬೇಗ ಇಳಿಯುತ್ತದೆ. ಕಾಯುವಾಗ ಜೀನ್ಸು, ಹತ್ತಿಬಟ್ಟೆ ತೊಟ್ಟು ಪೂರ್ತಿ ನೆನೆದಿದ್ದ ಒಬ್ಬ ತರುಣನಿಗೆ ನಡುಕ ಹತ್ತಿ ಮಾತು ತೊದಲತೊಡಗಿತು. ನಮ್ಮಂಥ ಬಿಸಿಲುನಾಡಿನಲ್ಲಿ ಚಳಿಗೆ ಜೀವ ಹೋಗುತ್ತದೆಂದರೆ ನಗುವವರಿದ್ದಾರೆ; ಆದರೆ ಒದ್ದೆ ಬಟ್ಟೆ ಮತ್ತು ಬಿರುಗಾಳಿ ಸೇರಿದರೆ ಮೈಯ ಬಿಸಿ ಇಳಿಯಲು ಹಿಮ ಬೇಕಾಗಿಲ್ಲ. ಒದ್ದೆ ಅಂಗಿ ತೆಗೆಸಿ ನನ್ನ ಕಂಬಳಿ ಹೊದಿಸಿ, ಇಬ್ಬರ ನಡುವೆ ಕೂರಿಸಿದೆವು. ಉಂಬಳಗಳ ಕಾಟವನ್ನು ಈ ಪಟ್ಟಿಗೆ ಸೇರಿಸುವುದಿಲ್ಲ. ಅವು ರಕ್ತ ಕುಡಿದು ತಾವಾಗಿಯೇ ಉದುರಿಹೋಗುತ್ತವೆ, ಪ್ರಾಣ ಕೇಳುವುದಿಲ್ಲ.

ಇನ್ನು ನಿಷೇಧದ ವಿಚಾರ. ಮಳೆಗಾಲವಿಡೀ ಇಂಥ ಎಲ್ಲ ಜಾಗಗಳನ್ನೂ ಮುಚ್ಚಿಬಿಡಿ ಎಂಬ ಬೇಡಿಕೆಯ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. 2023ರ ಜುಲೈಯಲ್ಲಿ ಕೊಲ್ಲೂರು ಸಮೀಪದ ಅರಶಿನಗುಂಡಿ ಜಲಪಾತದ ಬಳಿ ಬಂಡೆಯ ಮೇಲೆ ನಿಂತಿದ್ದ ಯುವಕ ಜಾರಿ ನೀರುಪಾಲಾದ ದೃಶ್ಯವನ್ನು ನಾಡಿನ ಜನ ಮೊಬೈಲಿನಲ್ಲಿ ನೋಡಿದ್ದಾರೆ. ಆದರೂ ಪೂರ್ತಿ ನಿಷೇಧವನ್ನು ನಾನು ಒಪ್ಪಲಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಜೀಪು ಓಡಿಸುವವರ, ಹೋಂಸ್ಟೇ ನಡೆಸುವವರ, ದಾರಿ ತೋರಿಸುವ ಹುಡುಗರ ಒಲೆ ಉರಿಯುವುದು ಈ ಪ್ರವಾಸಿಗರಿಂದಲೇ. ಅದಕ್ಕಿಂತ ಮುಖ್ಯವಾಗಿ, ನಾಲ್ಕು ತಿಂಗಳ ನಿಷೇಧದಲ್ಲಿ ಹೊಳವಾದ ದಿನಗಳೂ ಸೇರಿಹೋಗುತ್ತವೆ. ಅಂಥ ದಿನ ಬಂದವರು ನಿಷೇಧ ಅರ್ಥಹೀನವೆಂದುಕೊಂಡು ತೋಟದ ಒಳದಾರಿ ಹಿಡಿಯುತ್ತಾರೆ. ಒಮ್ಮೆ ಕಳ್ಳದಾರಿ ಸವೆದರೆ ನಿಜವಾಗಿ ಬೇಡವಾದ ದಿನವೂ ಅದೇ ದಾರಿ ತೆರೆದಿರುತ್ತದೆ, ಮತ್ತು ಆಗ ಜೊತೆಯಲ್ಲಿ ಸ್ಥಳೀಯನೂ ಇರುವುದಿಲ್ಲ.

ಸಂಖ್ಯೆಯ ಮಿತಿ ಇನ್ನೊಂದು ಉಪಾಯ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಸಾಲುರಜೆಗೆ ಕುಮಾರಪರ್ವತಕ್ಕೆ ಜಾತ್ರೆಯಂತೆ ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಎಚ್ಚೆತ್ತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ವಿಹಾರ ಎಂಬ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ತಂದು, ಒಂದು ಚಾರಣಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿ ಹಾಕಿತು. ಇದು ಒಳ್ಳೆಯ ಕೆಲಸ. ಕಸ ಕಡಿಮೆಯಾಗಲು, ಕಾಡಿಗೆ ಉಸಿರಾಡಲು ಇದರಿಂದ ಅನುಕೂಲವಾಗಿದೆ. ಆದರೆ ಕೆಟ್ಟ ಹವೆಯ ದಿನ 300 ಜನರೂ ಹೆಚ್ಚು, 12 ಜನರೂ ಹೆಚ್ಚು. ಅಷ್ಟೇ ಅಲ್ಲ, ಮೊದಲೇ ಹಣ ಕಟ್ಟಿ ದಿನ ಗೊತ್ತುಮಾಡಿಕೊಂಡ ಮನುಷ್ಯ ಆಕಾಶ ನೋಡಿ ಹೊರಡುವುದಿಲ್ಲ, ರಸೀದಿ ನೋಡಿ ಹೊರಡುತ್ತಾನೆ.

ಹವಾಮಾನ ಇಲಾಖೆಯ ಎಚ್ಚರಿಕೆಯನ್ನೇ ಆಧಾರವಾಗಿಟ್ಟುಕೊಳ್ಳಬಹುದಲ್ಲ ಎಂದು ಕೇಳಬಹುದು. 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರಿನವರೆಗೆ ಸುರಿದರೆ ಭಾರಿ ಮಳೆ, ಅಲ್ಲಿಂದ 204.4ರವರೆಗೆ ಅತಿ ಭಾರಿ, ಅದನ್ನೂ ಮೀರಿದರೆ ಅತ್ಯಂತ ಭಾರಿ ಎಂದು ಇಲಾಖೆ ವಿಂಗಡಿಸುತ್ತದೆ. ಹಳದಿ, ಕಿತ್ತಳೆ, ಕೆಂಪು ಬಣ್ಣದ ಎಚ್ಚರಿಕೆಗಳನ್ನು ಜಿಲ್ಲಾವಾರು ಕೊಡುತ್ತದೆ. ನಮ್ಮ ಜಿಲ್ಲೆಯ ತೊಡಕೇ ಇಲ್ಲಿದೆ. ಬರಕ್ಕೆ ಹೆಸರಾದ ಕಡೂರೂ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇದೆ, ಮಳೆಗೆ ಹೆಸರಾದ ಮೂಡಿಗೆರೆ, ಶೃಂಗೇರಿ, ಕೊಪ್ಪಗಳೂ ಇದೇ ಜಿಲ್ಲೆಯಲ್ಲಿವೆ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದು ಮನೆಗಳು ಕೊಚ್ಚಿಹೋದಾಗ, ಚಾರ್ಮಾಡಿ ಘಾಟಿ ಬಂದ್ ಆದಾಗ ಕಂಡ ಮಳೆಗೂ ಬಯಲು ಕಡೆಯ ತಾಲ್ಲೂಕುಗಳ ಮಳೆಗೂ ಹೋಲಿಕೆಯೇ ಇರಲಿಲ್ಲ. ಇಡೀ ಜಿಲ್ಲೆಗೆ ಒಂದೇ ಬಣ್ಣ ಬಳಿದರೆ ರಾಣಿ ಝರಿಯ ಅಂಚಿನಲ್ಲಿ ಗಾಳಿ ಹೇಗಿದೆಯೆಂದು ತಿಳಿಯುವುದಿಲ್ಲ. ಅದೃಷ್ಟವಶಾತ್ ನಮ್ಮ ರಾಜ್ಯಕ್ಕೆ ಇನ್ನೂ ಸೂಕ್ಷ್ಮವಾದ ಅನುಕೂಲವಿದೆ: ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ನಿನ್ನೆ ರಾತ್ರಿ ಈ ಬೆಟ್ಟದ ಬುಡದಲ್ಲಿ ಎಷ್ಟು ಸುರಿದಿದೆಯೆಂಬ ಲೆಕ್ಕ ಬೆಳಿಗ್ಗೆಯೇ ಸಿಗುತ್ತದೆ.

ಆ ಲೆಕ್ಕವನ್ನೂ ಕಣ್ಣೆದುರಿನ ಗಾಳಿಯನ್ನೂ ಕೂಡಿಸಿ ನೋಡಬಲ್ಲವನು ಬೆಟ್ಟದ ಬುಡದ ಮನುಷ್ಯನೇ. ಆದ್ದರಿಂದ ಜಿಲ್ಲಾಡಳಿತ, ಅರಣ್ಯ ಇಲಾಖೆ ಮತ್ತು ಪ್ರವಾಸೋದ್ಯಮ ಇಲಾಖೆಗಳಲ್ಲಿ ನನ್ನ ಕೋರಿಕೆಯೆಂದರೆ, ಅಂಚಿಗೆ ಹೋಗಬಹುದೇ ಎಂಬ ತೀರ್ಮಾನವನ್ನು ಮಳೆಗಾಲದಲ್ಲಿ ದಿನದಿನವೂ ದುರ್ಗದಹಳ್ಳಿಯಲ್ಲೇ ತೆಗೆದುಕೊಳ್ಳುವಂತಾಗಲಿ. ಅರಣ್ಯ ವೀಕ್ಷಕರೊಬ್ಬರು, ಪಂಚಾಯಿತಿಯ ಒಬ್ಬರು, ಸ್ಥಳೀಯ ಮಾರ್ಗದರ್ಶಿಗಳಲ್ಲಿ ಹಿರಿಯರೊಬ್ಬರು ಬೆಳಿಗ್ಗೆ ಆರಕ್ಕೆ ಸೇರಿ ಹಲಗೆಯ ಮೇಲೆ ಬರೆದು ನಿಲ್ಲಿಸಲಿ. ಅಂಚಿನಿಂದ ಇಪ್ಪತ್ತು ಮೀಟರ್ ಹಿಂದೆ, ಮಳೆಗಾಲಕ್ಕೆ ಮಾತ್ರ, ಕಲ್ಲುಗುಪ್ಪೆಯಿಟ್ಟು ಹಗ್ಗ ಕಟ್ಟಿದ ಒಂದು ಗೆರೆ ಇರಲಿ; ಅನುಮತಿಯ ದಿನವೂ ಯಾರೂ ಅದನ್ನು ದಾಟಬಾರದು. ಕಾಂಕ್ರೀಟಿನ ಕಟಕಟೆ, ವೀಕ್ಷಣಾ ಗೋಪುರಗಳ ಯೋಜನೆಯನ್ನು ಮಾತ್ರ ಯಾರೂ ಹಿಡಿದು ಬರದಿರಲೆಂದು ಬೇಡಿಕೊಳ್ಳುತ್ತೇನೆ. ಆ ತೆಳುಮಣ್ಣಿನಲ್ಲಿ ಅಡಿಪಾಯ ತೋಡಿದರೆ ಅಂಚೇ ಕುಸಿಯಲು ದಾರಿಯಾದೀತು, ಕಟಕಟೆ ಕಂಡರೆ ಅದರ ಮೇಲೆ ಹತ್ತಿ ಕೂರುವವರೂ ಹುಟ್ಟಿಕೊಳ್ಳುತ್ತಾರೆ.

ಇದೆಲ್ಲ ನಡೆಯಬೇಕಾದರೆ ಹಣದ ಮಾತು ಮೊದಲು ಇತ್ಯರ್ಥವಾಗಬೇಕು. ಹವೆಯ ಕಾರಣಕ್ಕೆ ಮೊಟಕಾದ ಚಾರಣದ ಶುಲ್ಕ ಆರು ತಿಂಗಳೊಳಗೆ ಮತ್ತೊಂದು ದಿನಕ್ಕೆ ಸಲ್ಲುವಂತಿರಬೇಕು. ಇಲಾಖೆ ಮೊದಲು ತನ್ನ ಶುಲ್ಕಕ್ಕೆ ಈ ನಿಯಮ ಹಾಕಿಕೊಂಡು, ಬಳಿಕ ಖಾಸಗಿ ಸಂಘಟಕರಿಗೂ ಇದನ್ನು ಷರತ್ತಾಗಿ ವಿಧಿಸಲಿ. ಮೊದಲೇ ಹೀಗೆ ಗೊತ್ತಿದ್ದರೆ ನನ್ನ ಸೋದರಳಿಯನಂಥವರು ಜಗಳವಾಡದೆ ಕೊಟ್ಟಿಗೆಹಾರದಲ್ಲಿ ಇನ್ನೆರಡು ನೀರುದೋಸೆ ತಿಂದು ಹಿಂದಿರುಗುತ್ತಿದ್ದರು. ಅವನೇ ನವೆಂಬರ್‌ನಲ್ಲಿ ಬಂದು ಬೆಳ್ತಂಗಡಿಯ ಕಡೆಯ ಅಡಿಕೆ ತೋಟಗಳನ್ನೆಲ್ಲ ನೋಡಿಕೊಂಡು ಹೋದ.

ಇನ್ನು ಮಾರ್ಗದರ್ಶಿಯ ಕೂಲಿ. ಆ ಸಂಜೆ ಹುಡುಗನನ್ನು ನಮ್ಮ ಮನೆಗೆ ಕರೆದು ಕಾಫಿ ಕೊಟ್ಟು, ‘ನೀನು ಬರುವುದಿಲ್ಲ ಎಂದು ಖಡಾಖಂಡಿತ ಹೇಳಬೇಕಿತ್ತು ಕಣೋ’ ಎಂದೆ. ‘ಹೇಳಬಹುದಿತ್ತು ಮೇಷ್ಟ್ರೇ. ಅಂಚಿಗೆ ಕರೆದುಕೊಂಡು ಹೋದರೆ ಮಾತ್ರ ದುಡ್ಡು. ನಾನು ಬಿಟ್ಟಿದ್ದರೆ ಅವರು ಇನ್ನೊಬ್ಬನನ್ನು ಹಿಡಿಯುತ್ತಿದ್ದರು, ಅವನಿಗೆ ಆ ಜಾಗ ನನ್ನಷ್ಟು ಗೊತ್ತಿಲ್ಲ’ ಎಂದ. ಈ ಉತ್ತರಕ್ಕೆ ನನ್ನ ಬಳಿ ಎದುರುಮಾತಿರಲಿಲ್ಲ. ಬೆಟ್ಟ ಹತ್ತಿಸಿದರೂ ಬುಡದಿಂದಲೇ ಹಿಂದಕ್ಕೆ ಕಳುಹಿಸಿದರೂ ಅವನಿಗೆ ಅದೇ ದಿನಗೂಲಿ ಸಲ್ಲಬೇಕು. ಅವನು ಬೇಡವೆಂದ ತಂಡವನ್ನು ಆ ದಿನ ಇನ್ನೊಬ್ಬ ಕರೆದೊಯ್ಯುವಂತಿರಬಾರದು. ಪ್ರವೇಶ ಶುಲ್ಕದ ಒಂದು ಪಾಲನ್ನು ಇದಕ್ಕೆಂದೇ ತೆಗೆದಿಟ್ಟರೂ ಸಾಕು. ಆರಿದ್ರಾ ಮಳೆ ಜೂನ್ 22ರ ಸುಮಾರಿಗೆ ಹುಟ್ಟುತ್ತದೆ. ಅದಕ್ಕೆ ಮುಂಚೆ, ಮೇ ತಿಂಗಳಲ್ಲೇ, ಸಂಬಂಧಪಟ್ಟ ಅಧಿಕಾರಿಗಳು ದುರ್ಗದಹಳ್ಳಿಯ ಗುಡಿಯ ಮುಂದೆ ಜೀಪಿನವರನ್ನೂ ಮಾರ್ಗದರ್ಶಿಗಳನ್ನೂ ಸೇರಿಸಿ ಒಂದು ಸಭೆ ಕರೆದರೆ, ಮಳೆಮಾಪಕದ ಅಂಕಿಗಳನ್ನು ಹಲಗೆಗೆ ಬರೆಯುವ ಕೆಲಸವನ್ನು ಸಂಬಳವಿಲ್ಲದೆ ಮಾಡಲು ನಾನು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಭೂಗೋಳ ಶಿಕ್ಷಕ,
ಬಾಳೂರು ಹೋಬಳಿ, ಮೂಡಿಗೆರೆ ತಾಲ್ಲೂಕು